ಮುಸುಕಿನ ಹಿಂದೆ ಯಾರೆಂದು ಗೊತ್ತಾದ ಮೇಲೆ ನೋಡಲು ಏನು ಉಳಿಯುತ್ತದೆ?

ಕಲಬುರಗಿಯಲ್ಲಿ ಚಿತ್ರಕಲೆ ಕಲಿಸುವ ನನಗೆ ವಿದ್ಯಾರ್ಥಿಗಳು, ಅವರ ಪಾಲಕರು, ಒಮ್ಮೊಮ್ಮೆ ಸಹೋದ್ಯೋಗಿಗಳೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಮುಸುಕಿನ್ಯಾಗ ಯಾರ್ ಅದಾರಂತ ಗೊತ್ತಾದ ಮ್ಯಾಲೂ ಅದೇ ಪಿಚ್ಚರ್ ಮತ್ತ್ ಮತ್ತ್ ಯಾಕ್ ನೋಡ್ತೀರಿ ಸರ್?” ಅವರು ಹೇಳುತ್ತಿರುವುದು ‘ಬ್ಯಾಟ್‌ಮ್ಯಾನ್: ಮಾಸ್ಕ್ ಆಫ್ ದಿ ಫ್ಯಾಂಟಸಮ್’ ಎಂಬ ಅನಿಮೇಷನ್ ಚಿತ್ರದ ಬಗ್ಗೆ. ಬೆಳಕು ನೆರಳಿನ ಪಾಠ ಬಂದಾಗಲೆಲ್ಲ ನಾನು ಅದರ ದೃಶ್ಯಗಳನ್ನು ತರಗತಿಯಲ್ಲಿ ತೋರಿಸುವುದರಿಂದ ಈ ಪ್ರಶ್ನೆ ಪ್ರತಿ ವರ್ಷವೂ ಹೊಸ ಬಾಯಿಂದ ಬರುತ್ತದೆ. ನಿಂತಲ್ಲೇ ಕೊಡುವ ಉತ್ತರ ಯಾರಿಗೂ ಸಮಾಧಾನ ತರುವುದಿಲ್ಲವಾದ್ದರಿಂದ ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ಚಿತ್ರ ನೋಡದವರಿಗಾಗಿ ಕೆಲವು ಮಾತು. 1992ರಲ್ಲಿ ಅಮೆರಿಕದ ಟಿವಿಯಲ್ಲಿ ಆರಂಭವಾದ ಬ್ಯಾಟ್‌ಮ್ಯಾನ್ ಸರಣಿಯ ತಂಡವೇ ಇದನ್ನು ಮಾಡಿತು. ನಿರ್ದೇಶಕರು ಎರಿಕ್ ರಡೋಮ್‌ಸ್ಕಿ ಮತ್ತು ಬ್ರೂಸ್ ಟಿಮ್. ಮೊದಲು ನೇರವಾಗಿ ವಿಡಿಯೊ ಕ್ಯಾಸೆಟ್ಟಿಗೆಂದು ಯೋಚಿಸಿದ್ದನ್ನು ನಡುವೆಯೇ ಚಿತ್ರಮಂದಿರಕ್ಕೆ ಬದಲಾಯಿಸಿ, 1993ರ ಡಿಸೆಂಬರ್ 25ರಂದು ತೆರೆಗೆ ತಂದರು. ಸುಮಾರು 60 ಲಕ್ಷ ಡಾಲರ್ ವೆಚ್ಚದ ಚಿತ್ರ ಹಾಕಿದ ಹಣವನ್ನೂ ಚಿತ್ರಮಂದಿರಗಳಲ್ಲಿ ಮರಳಿ ಪಡೆಯಲಿಲ್ಲ. ಅದಕ್ಕೆ ನೋಡುಗರು ಸಿಕ್ಕಿದ್ದು ಆಮೇಲೆ, ಮನೆಗಳಲ್ಲಿ. ಕಥೆ ಇಷ್ಟು: ಗೋಥಮ್ ನಗರದ ಹಳೆಯ ಪುಂಡ ನಾಯಕರನ್ನು ತಲೆಬುರುಡೆಯಂಥ ಮುಖವಾಡದ, ಒಂದು ಕೈಗೆ ಕುಡುಗೋಲಿನ ಅಲಗು ಕಟ್ಟಿಕೊಂಡ, ಹೊಗೆಯಲ್ಲಿ ಬಂದು ಹೊಗೆಯಲ್ಲೇ ಕರಗುವ ಫ್ಯಾಂಟಸಮ್ ಎಂಬ ಆಕೃತಿಯೊಂದು ಒಬ್ಬೊಬ್ಬರಾಗಿ ಕೊಲ್ಲುತ್ತಿದೆ. ಕಂಡವರಿಗೆ ಕಂಡದ್ದು ನಿಲುವಂಗಿ ಮಾತ್ರ. ಆದ್ದರಿಂದ ಅಪವಾದ ಬ್ಯಾಟ್‌ಮ್ಯಾನ್ ತಲೆಗೆ ಬರುತ್ತದೆ, ಪೊಲೀಸರು ಅವನ ಬೆನ್ನು ಹತ್ತುತ್ತಾರೆ. ಅದೇ ಹೊತ್ತಿಗೆ, ವರ್ಷಗಳ ಹಿಂದೆ ಅವನ ಉಂಗುರವನ್ನು ಹಿಂದಿರುಗಿಸಿ ತಂದೆಯೊಂದಿಗೆ ಊರು ಬಿಟ್ಟಿದ್ದ ಆ್ಯಂಡ್ರಿಯಾ ಬೋಮಾಂಟ್ ಮರಳಿ ಬರುತ್ತಾಳೆ.

ಮುಸುಕಿನ ಹಿಂದೆ ಇರುವವಳು ಆ್ಯಂಡ್ರಿಯಾಳೇ; ತಂದೆಯ ಸಾವಿಗೆ ಕಾರಣರಾದ ಪುಂಡರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ. ಗುಟ್ಟನ್ನು ಹೀಗೆ ಬಯಲು ಮಾಡಿದ್ದಕ್ಕೆ ಕೋಪಿಸಿಕೊಳ್ಳುವವರು ಮೊದಲು ಚಿತ್ರದ ವ್ಯಾಪಾರಿಗಳ ಮೇಲೆ ಕೋಪಿಸಿಕೊಳ್ಳಲಿ: ಚಿತ್ರದ ಜೊತೆಗೆ ಮಾರಾಟಕ್ಕೆ ಬಂದ ಫ್ಯಾಂಟಸಮ್ ಗೊಂಬೆಯನ್ನು ಮುಖವಾಡ ತೆಗೆದು, ಅವಳ ಮುಖ ಕಾಣುವಂತೆಯೇ ಪೊಟ್ಟಣದಲ್ಲಿ ಇಟ್ಟಿದ್ದರು. ಗುಟ್ಟಿನ ಮೇಲೆಯೇ ನಿಂತ ಚಿತ್ರವಾಗಿದ್ದರೆ ಆ ಗೊಂಬೆಯೊಂದೇ ಅದನ್ನು ಕೆಡಿಸಲು ಸಾಕಾಗಿತ್ತು. ಅದು ಕೆಡಲಿಲ್ಲ ಎಂಬುದರಲ್ಲೇ ನನ್ನ ಉತ್ತರದ ಅರ್ಧ ಭಾಗವಿದೆ.

ಉಳಿದ ಅರ್ಧಕ್ಕೆ ನಮ್ಮ ಭಾಗದ ಓದುಗರು ಬಹಳ ದೂರ ಹೋಗಬೇಕಿಲ್ಲ. ಮೊಹರಂ ಹೊತ್ತಿನಲ್ಲಿ ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯ ಹಳ್ಳಿಗಳಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ ಪದ ಹಾಡುವ ಮೇಳಗಳನ್ನು ಕೇಳಿದವರಿಗೆ ಇದು ಗೊತ್ತು. ಹಾಡುವವರಲ್ಲೂ ಕೇಳುವವರಲ್ಲೂ ಹಿಂದೂಗಳೇ ಹೆಚ್ಚಿರುವ ಊರುಗಳಿವೆ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಬಿದ್ದದ್ದು ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿಯ ಸುತ್ತ ನಿಂತ ಹುಡುಗರಿಗೂ ತಿಳಿದ ಸಂಗತಿ. ಆದರೂ ಹುಸೇನರ ಅಣ್ಣನ ಮಗ, ಅದೇ ಯುದ್ಧದಲ್ಲಿ ಮಡಿಯಲಿರುವ ಕಾಸಿಮನ ಮದುವೆಯ ಪದ ಬಂದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ, ಏಕೆಂದರೆ ಮದುಮಗನಿಗೆ ನಾಳೆ ಏನಾಗುತ್ತದೆಂದು ಅವರಿಗೆ ಗೊತ್ತಿದೆ. ಗೊತ್ತಿಲ್ಲದವನಿಗೆ ಅದು ಬರೀ ಮದುವೆಯ ಹಾಡು. ಕೊನೆ ತಿಳಿದಿರುವುದೇ ಆ ಪದವನ್ನು ಕೇಳುವ ದಾರಿ. ನಾನು ಈ ಚಿತ್ರವನ್ನು ನೋಡುವುದೂ ಅದೇ ದಾರಿಯಿಂದ.

ಆ್ಯಂಡ್ರಿಯಾ ವಿಮಾನದ ಕಿಟಕಿಯಿಂದ ಗೋಥಮ್ ನಗರವನ್ನು ನೋಡುತ್ತಾ ಬಂದಿಳಿಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಮೊದಲ ಸಲ ಅದು ತವರಿಗೆ ಮರಳುವ ಹೆಣ್ಣಿನ ಮುಖ. ಎರಡನೆಯ ಸಲ, ಅವಳು ಇದಕ್ಕೂ ಮೊದಲೇ ಊರಿಗೆ ಬಂದು ಒಬ್ಬನನ್ನು ಮುಗಿಸಿರುವುದು, ಈ ವಿಮಾನ ಪ್ರಯಾಣ ತನ್ನ ಮೇಲೆ ಸಂಶಯ ಬಾರದಿರಲೆಂದು ಹೂಡಿದ ಆಟವೆಂಬುದು ನಮಗೆ ತಿಳಿದಿರುತ್ತದೆ; ಆಗ ಅದೇ ಮುಖದಲ್ಲಿ ಬೇರೆಯದೇ ಆಯಾಸ ಕಾಣುತ್ತದೆ. ಚಿತ್ರಕಾರರು ಅಲ್ಲಿ ಒಂದು ಗೆರೆಯನ್ನೂ ಬದಲಾಯಿಸಿಲ್ಲ, ಬದಲಾಗಿರುವುದು ನೋಡುವವನು. ಧ್ವನಿಯ ಚಳಕವೂ ಹೀಗೆಯೇ. ಫ್ಯಾಂಟಸಮ್‌ನ ಗಡಸು ಧ್ವನಿ ಕೊಟ್ಟವರು ಸ್ಟೇಸಿ ಕೀಚ್; ಆ್ಯಂಡ್ರಿಯಾಳ ತಂದೆಗೆ ಧ್ವನಿ ಕೊಟ್ಟವರೂ ಅವರೇ. ಕಿವಿ ಚುರುಕಾಗಿರುವ ಪ್ರೇಕ್ಷಕ ಅದರಿಂದಲೇ ದಾರಿ ತಪ್ಪಿ, ಕೊಲೆಗಾರ ತಂದೆಯೇ ಇರಬೇಕೆಂದುಕೊಳ್ಳುತ್ತಾನೆ. ಗುಟ್ಟು ತಿಳಿದ ಮೇಲೆ ಆ ಧ್ವನಿ ಹೆಚ್ಚು ಕಾಡುತ್ತದೆ: ಸತ್ತ ತಂದೆಯ ಧ್ವನಿಯಲ್ಲಿ ಮಗಳು ಮಾತಾಡುತ್ತಿದ್ದಾಳೆ.

ಇದನ್ನು ನೆನಪಿಟ್ಟುಕೊಂಡೇ, ಅವಳು ಬ್ಯಾಟ್‌ಮ್ಯಾನ್‌ಗೆ ಎಸೆಯುವ ಮಾತೊಂದನ್ನು ಕೇಳಬೇಕು. ತಂದೆ ಹೇಳಿದಂತೆಯೇ ಕುಣಿಯುತ್ತಿದ್ದೀಯಲ್ಲ ಎಂಬ ಅರ್ಥದಲ್ಲಿ ಅವನು ಕೆಣಕಿದಾಗ, ಈ ಕೋಣೆಯಲ್ಲಿ ಹೆತ್ತವರ ಹಿಡಿತದಲ್ಲಿ ಇರುವವನು ನೀನೊಬ್ಬನೇ ಎನ್ನುತ್ತಾಳೆ. ಮೊದಲ ಸಲ ಅದು ಅವನಿಗೆ ಬಿದ್ದ ಏಟು. ಎರಡನೆಯ ಸಲ ಅದು ಅರ್ಧ ಸುಳ್ಳು, ಯಾಕೆಂದರೆ ಹಿಡಿತದಲ್ಲಿ ಇರುವವರು ಇಬ್ಬರು. ಆ ಸುಳ್ಳು ಅವಳಿಗೂ ಗೊತ್ತಿದೆ, ಅವನಿಗೆ ಗೊತ್ತಿಲ್ಲ.

ಚಿತ್ರದ ಜೀವವಿರುವುದು ಹಿಂದಿನ ಕಾಲದ ದೃಶ್ಯಗಳಲ್ಲಿ. ಮುಂದೆ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಇನ್ನೂ ಬಾವಲಿಯ ವೇಷ ತೊಟ್ಟಿಲ್ಲ. ಮುಖಕ್ಕೆ ಸಾಧಾರಣ ಕರಿ ಮುಸುಕು ಸುತ್ತಿಕೊಂಡು ಕಳ್ಳರನ್ನು ತಡೆಯಲು ಹೋಗುತ್ತಾನೆ, ಅವರು ಅವನಿಗೆ ಹೆದರುವುದೇ ಇಲ್ಲ. ಹೀಗಿರುವಾಗ ಆ್ಯಂಡ್ರಿಯಾ ಅವನ ಬದುಕಿಗೆ ಬರುತ್ತಾಳೆ. ಇಬ್ಬರ ಮೊದಲ ಭೇಟಿ ಸ್ಮಶಾನದಲ್ಲಿ: ಅವನು ಹೆತ್ತವರ ಸಮಾಧಿಗೆ ಬಂದಿದ್ದಾನೆ, ಅವಳು ಸತ್ತ ತಾಯಿಯ ಜೊತೆ ಗಟ್ಟಿಯಾಗಿಯೇ ಮಾತಾಡುತ್ತಿದ್ದಾಳೆ. ಸ್ವಲ್ಪ ಕಾಲದ ಮೇಲೆ ಅದೇ ಸಮಾಧಿಯ ಮುಂದೆ, ಸುರಿಯುವ ಮಳೆಯಲ್ಲಿ ಮೊಣಕಾಲೂರಿ, ಅಪರಾಧದ ವಿರುದ್ಧ ಹೋರಾಡುತ್ತೇನೆಂದು ಕೊಟ್ಟ ಮಾತಿನಿಂದ ತನ್ನನ್ನು ಬಿಡಿಸಿರೆಂದು ಅವನು ಬೇಡುತ್ತಾನೆ. ಬೇಕಾದರೆ ನಗರಕ್ಕೆ ಹಣ ಕೊಡುತ್ತೇನೆ, ಆದರೆ ಈ ನೋವು ಈಗ ಮೊದಲಿನಷ್ಟು ಇಲ್ಲ, ನಾನು ಸುಖವಾಗಿರುತ್ತೇನೆಂದು ಲೆಕ್ಕ ಹಾಕಿರಲಿಲ್ಲ ಎಂದು ತಪ್ಪೊಪ್ಪಿಗೆಯ ಹಾಗೆ ಹೇಳುತ್ತಾನೆ. ಸೂಪರ್‌ಹೀರೊ ಚಿತ್ರಗಳಲ್ಲಿ ಹೆತ್ತವರ ಸಾವು ಸಾಮಾನ್ಯವಾಗಿ ಬಂಡವಾಳ. ನಾಯಕನಿಗೆ ಬಲ ಬೇಕಾದಾಗಲೆಲ್ಲ ಅದರಿಂದ ಬಡ್ಡಿ ಎತ್ತುತ್ತಾರೆ. ಇಲ್ಲಿ ಮಾತ್ರ ನಾಯಕನಿಗೆ ನಾಯಕನಾಗುವುದೇ ಬೇಡವಾಗಿದೆ, ಅದಕ್ಕೆ ಸತ್ತವರ ಒಪ್ಪಿಗೆ ಕೇಳುತ್ತಿದ್ದಾನೆ. ಹಿಂದಿನಿಂದ ಬಂದ ಆ್ಯಂಡ್ರಿಯಾ, ಒಪ್ಪಿಗೆಯೆಂದೇ ಅವರು ನನ್ನನ್ನು ಕಳಿಸಿರಬಹುದಲ್ಲ ಎನ್ನುತ್ತಾಳೆ. ಇವಳೇ ಮುಂದೆ ಕುಡುಗೋಲು ಹಿಡಿಯುವವಳೆಂದು ತಿಳಿದು ಈ ಮಾತನ್ನು ಕೇಳುವುದೂ, ಕಾಸಿಮನ ಮದುವೆಯ ಪದ ಕೇಳುವುದೂ ನನಗೆ ಒಂದೇ ಬಗೆಯ ಸಂಕಟ.

ಅವಳು ಬಿಟ್ಟುಹೋದ ಮೇಲೆ ಅವನು ಮೊದಲ ಬಾರಿಗೆ ಬಾವಲಿಯ ಮುಖವಾಡವನ್ನು ತಲೆಗೆ ಎಳೆದುಕೊಳ್ಳುತ್ತಾನೆ. ಅವನನ್ನು ಸಾಕಿದ ಆಲ್ಫ್ರೆಡ್ ಅದನ್ನು ಕಂಡು ದೇವರೇ ಎಂದು ಹಿಂದೆ ಸರಿಯುತ್ತಾನೆ. ಶರ್ಲಿ ವಾಕರ್ ಅವರ ಸಂಗೀತ ಅಲ್ಲಿ ಗೆಲುವಿನ ಧಾಟಿಯಲ್ಲಿ ಏರುವುದಿಲ್ಲ, ಹೆಣದ ಮುಂದೆ ನಿಂತ ಹಾಗಿರುತ್ತದೆ. (ಶೀರ್ಷಿಕೆಯ ಹೊತ್ತಿನಲ್ಲಿ ಲ್ಯಾಟಿನ್ ಪ್ರಾರ್ಥನೆಯಂತೆ ಕೇಳುವ ಸಮೂಹಗಾನದ ಸಾಹಿತ್ಯ ಬೇರೇನೂ ಅಲ್ಲ, ತಂಡದಲ್ಲಿ ಕೆಲಸ ಮಾಡಿದವರ ಹೆಸರುಗಳನ್ನು ತಿರುಗುಮುರುಗಾಗಿ ಹಾಡಿಸಿದ್ದು. ಇದನ್ನು ಹೇಳಿದಾಗ ಇಡೀ ತರಗತಿ ನಗುತ್ತದೆ, ಆಮೇಲೆ ಮತ್ತೊಮ್ಮೆ ಹಾಕಿರೆಂದು ಗಂಟು ಬೀಳುತ್ತದೆ.)

ಚಿತ್ರಕಲೆಯವನಾಗಿ ನನ್ನ ಸ್ವಂತ ಕಾರಣವೂ ಒಂದಿದೆ. ಈ ತಂಡ ಟಿವಿ ಸರಣಿಗಾಗಿ ಹಿನ್ನೆಲೆ ಚಿತ್ರಗಳನ್ನು ಬಿಳಿ ಹಾಳೆಯ ಬದಲು ಕಪ್ಪು ಹಾಳೆಯ ಮೇಲೆ ಬಿಡಿಸುವ ಪದ್ಧತಿ ಹಾಕಿಕೊಂಡಿತ್ತು; ಅದು ರಡೋಮ್‌ಸ್ಕಿಯವರ ಯೋಚನೆ. ಬಿಳಿ ಹಾಳೆಯಲ್ಲಿ ಕತ್ತಲನ್ನು ಬಳಿಯಬೇಕು. ಕಪ್ಪು ಹಾಳೆಯಲ್ಲಿ ಕತ್ತಲು ಮೊದಲೇ ಇರುತ್ತದೆ, ಎಲ್ಲಿ ಬೆಳಕು ಬೀಳಬೇಕೆಂಬುದನ್ನಷ್ಟೇ ಕುಂಚ ತೀರ್ಮಾನಿಸುತ್ತದೆ. ಕಿಟಕಿಯ ಹಳದಿ, ಕಟ್ಟಡದ ಅಂಚಿನ ಕೆಂಪು, ಅಷ್ಟೇ, ಉಳಿದದ್ದನ್ನು ಮುಟ್ಟುವುದಿಲ್ಲ. ನಮ್ಮೂರಿನವರೇ ಆದ ಎಸ್. ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪ್ರಚಾರ ಚಿತ್ರಗಳನ್ನೂ ಪುರಾಣದ ಕ್ಯಾಲೆಂಡರುಗಳನ್ನೂ ಬಿಡಿಸಿ ಹೆಸರಾದವರು. ಅವರ ದೇವತೆಗಳ ಮೈ ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯುತ್ತದೆ. ಅವರು ಬೆಳಕನ್ನು ಮೈಗೆ ತುಂಬಿದರೆ, ಇವರು ಅದನ್ನು ಅಂಚಿಗೆ ದೂಡಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ ಮಕ್ಕಳಿಗೆ ನೆರಳೆಂದರೆ ಕರಿ ಬಣ್ಣವಲ್ಲ ಎಂಬುದು ಬೇಗ ಹತ್ತುತ್ತದೆ.

ಒಂದೇ ಗೆರೆಯ ದೃಶ್ಯವೊಂದು ನನಗೆ ಎಲ್ಲಕ್ಕಿಂತ ಇಷ್ಟ. ಬ್ಯಾಟ್‌ಮ್ಯಾನ್ ಹಳೆಯ ಫೋಟೊವನ್ನು ದಿಟ್ಟಿಸುತ್ತಾನೆ. ಪುಂಡರ ಗುಂಪಿನ ಹಿಂದೆ ಉದ್ದ ಮುಖದ, ಹೆಸರಿಲ್ಲದ ಆಳೊಬ್ಬ ನಿಂತಿದ್ದಾನೆ. ಕೆಂಪು ಲೇಖನಿ ಎತ್ತಿ ಆ ಮುಖದ ಬಾಯಿಯ ಮೇಲೆ ಕಿವಿಯಿಂದ ಕಿವಿಗೆ ಗೆರೆ ಎಳೆಯುತ್ತಾನೆ, ಆಳು ಬ್ಯಾಟ್‌ಮ್ಯಾನ್‌ನ ಕಡುವೈರಿ ಜೋಕರ್ ಆಗಿಬಿಡುತ್ತಾನೆ. ಆ್ಯಂಡ್ರಿಯಾಳ ತಂದೆಯನ್ನು ಕೊಂದವನು ಆ ಆಳೇ. ಒಂದೂ ಮಾತಿಲ್ಲದೆ, ಒಂದು ಗೆರೆಯಲ್ಲಿ, ಇಡೀ ಸಂಚು ಬಿಚ್ಚಿಕೊಳ್ಳುತ್ತದೆ.

ಹಾಗೆಂದು ಚಿತ್ರದಲ್ಲಿ ತಕರಾರು ತೆಗೆಯುವಂಥದ್ದು ಇಲ್ಲವೆಂದಲ್ಲ. ಮಾರ್ಕ್ ಹ್ಯಾಮಿಲ್ ಜೋಕರ್‌ಗೆ ಕೊಟ್ಟ ಧ್ವನಿ ಅದ್ಭುತವೇ, ಆದರೆ ಅವನು ಬಂದ ಮೇಲೆ ಚಿತ್ರ ಅವನ ಕಡೆಗೇ ವಾಲುತ್ತದೆ. ಕೊನೆಯ ಹೊಡೆದಾಟ ನಡೆಯುವ ಜಾಗ ಮಾತ್ರ ಸರಿಯಾಗಿ ಆರಿಸಿದ್ದು: ಬ್ರೂಸ್ ಮತ್ತು ಆ್ಯಂಡ್ರಿಯಾ ಕೈ ಕೈ ಹಿಡಿದು ಸುತ್ತಿದ, ನಾಳೆಯ ಜಗತ್ತನ್ನು ತೋರಿಸಲೆಂದು ಕಟ್ಟಿದ ವಸ್ತುಪ್ರದರ್ಶನ ಈಗ ತುಕ್ಕು ಹಿಡಿದು ಜೋಕರ್‌ನ ಬಿಡಾರವಾಗಿದೆ. ಆದರೂ ಸ್ಫೋಟಗಳನ್ನು ಅರ್ಧಕ್ಕೆ ಇಳಿಸಿ ಆ ಹೊತ್ತನ್ನು ಆ್ಯಂಡ್ರಿಯಾಳಿಗೆ ಕೊಡಬಹುದಿತ್ತು. ಒಟ್ಟು 76 ನಿಮಿಷದ ಚಿತ್ರದಲ್ಲಿ ಅವಳ ಪಾಲಿನ ನಿಮಿಷಗಳು ಬೆಲೆಯುಳ್ಳವು.

ಇಷ್ಟು ಕೇಳಿಸಿಕೊಂಡ ಮೇಲೆ ಜಾಣ ವಿದ್ಯಾರ್ಥಿಗಳು ಮರುಪ್ರಶ್ನೆ ಹಾಕುತ್ತಾರೆ: ಹಾಗಾದರೆ ಗುಟ್ಟು ಮಾಡುವ ಅಗತ್ಯವಾದರೂ ಏನಿತ್ತು, ಅವಳೇ ಎಂದು ಮೊದಲೇ ತೋರಿಸಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ಯಾಟ್‌ಮ್ಯಾನ್ ಪತ್ತೇದಾರ, ಗಾಜಿನ ಮೇಲಿನ ರಾಸಾಯನಿಕದ ಕಲೆಯನ್ನೂ ಬಿಡದೆ ಪರೀಕ್ಷಿಸುವವನು. ಅಂಥವನು ಸಾಕ್ಷ್ಯವನ್ನೆಲ್ಲ ಜೋಡಿಸಿ ತಂದೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಮಗಳ ಕಡೆಗೆ ತಿರುಗಿಯೂ ನೋಡುವುದಿಲ್ಲ; ಅವಳ ಮೇಲಿನ ಪ್ರೀತಿ ಅವನ ಕಣ್ಣು ಕಟ್ಟಿದೆ. ಮೊದಲ ಸಲ ನೋಡುವ ನಾವೂ ಅವನ ಜೊತೆಗೆ ಅದೇ ಕುರುಡಿನಲ್ಲಿ ಇರಬೇಕು, ಇಲ್ಲದಿದ್ದರೆ ಅವನು ನಮಗೆ ದಡ್ಡನಾಗಿ ಕಾಣುತ್ತಾನೆ. ಗುಟ್ಟು ಬೇಕಾಗಿರುವುದು ಆ ಒಂದು ಸಲಕ್ಕೆ. ಅದರ ನಂತರ ಅವನು ಕುರುಡನಾಗಿಯೇ ಉಳಿಯುತ್ತಾನೆ, ನಾವು ಅವಳ ಪಕ್ಕಕ್ಕೆ ಹೋಗಿ ನಿಲ್ಲುತ್ತೇವೆ, ಅಲ್ಲಿಂದ ಕಾಣುವುದು ಬೇರೆಯೇ ಚಿತ್ರ. ಒಮ್ಮೆ ಮಾತ್ರ ನೋಡಿ ಬಿಟ್ಟವರಿಗೆ ನಾನು ಕೇಳುವುದು ಇಷ್ಟೇ: ಮುಂದಿನ ಸಲ ಬ್ಯಾಟ್‌ಮ್ಯಾನ್‌ನನ್ನು ಬಿಟ್ಟುಬಿಡಿ, ಅವಳು ತೆರೆಯ ಮೇಲಿರುವಷ್ಟು ಹೊತ್ತೂ ಅವಳನ್ನೇ ನೋಡಿ, ಆಮೇಲೆ ಬಂದು ನನ್ನ ಜೊತೆ ಜಗಳವಾಡಿ.