ವಾಷರ್ ಮತ್ತು ಹುಣಸೆಹುಳಿ

ಚಿತ್ರದುರ್ಗದಲ್ಲಿ ಬೋರ್ ನೀರು ಬಳಸೋ ಮನೆಯವರು ಅರ್ಧ ಪ್ಲಂಬರ್ ಆಗದೆ ವಿಧಿಯಿಲ್ಲ. ಗಡಸು ನೀರು. ಶವರ್ ತೂತಿಗೆಲ್ಲ ಬೆಳ್ಳಗೆ ಸುಣ್ಣ ಕಟ್ಟಿ, ಒಂದು ಎಳೆ ಗೋಡೆಗೆ, ಇನ್ನೊಂದು ನೇರ ಕಣ್ಣಿಗೆ! ಇವತ್ತು ಬಿಚ್ಚಿ ಗಟ್ಟಿ ಹುಣಸೆರಸದಲ್ಲಿ ನೆನೆಹಾಕಿದೆ. ಹುಳಿಗೆ ಸುಣ್ಣ ಕರಗುತ್ತೆ. ಮಿಕ್ಕಿದ್ದಕ್ಕೆ ಹಳೇ ಹಲ್ಲುಜ್ಜೋ ಬ್ರಷ್ಷು, ಗುಂಡುಪಿನ್ನು.

ಅಡುಗೆಮನೆ ನಲ್ಲಿ ತೊಟ್ಟಿಕ್ಕೋದಕ್ಕೆ "ಪೂರ್ತಿ ಚೇಂಜ್ ಮಾಡಿಬಿಡಿ ಸಾರ್" ಅಂದಿದ್ದರು ನೋಡಿಹೋದವರು. ನೀರು ನಿಲ್ಲಿಸೋ ಗೇಟ್‌ವಾಲ್ ಮುಚ್ಚಿ, ನಲ್ಲಿ ಹಿಡಿಯ ಕೆಳಗಿನ ಸ್ಪಿಂಡಲ್ ಅನ್ನೋ ಕಡ್ಡಿ ತಿರುಗಿಸಿ ತೆಗೆದರೆ, ಒಳಗಿನ ರಬ್ಬರ್ ವಾಷರ್ ಒತ್ತಿ ಒತ್ತಿ ನಡುವೆ ಉಂಗುರದ ಹಳ್ಳ ಬಿದ್ದಿದೆ. ಅದೊಂದನ್ನೇ ಬದಲಾಯಿಸಿದೆ, ನಿಂತಿತು. ಪೈಪಿನ ಜಾಯಿಂಟಿಗೆ ಟೆಫ್ಲಾನ್ ಟೇಪನ್ನು ತಿರುಪಿನ ಗೆರೆ ಹೋಗೋ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಸುರುಳಿ ಬಿಚ್ಚಿಕೊಳ್ಳುತ್ತೆ.

ಕೋಟೆಯಲ್ಲಿ ಪಾಳೇಗಾರರ ಕಾಲದವರು ಮೇಲಿನ ಹೊಂಡ ತುಂಬಿದ ನೀರು ಕೆಳಗಿನ ಹೊಂಡಕ್ಕೆ, ಹಾಗೇ ಊರೊಳಗಿನ ಸಂತೆಹೊಂಡದ ತನಕ ಇಳಿಯೋ ಹಾಗೆ ಮಾಡಿದ್ದರು. ನಾವು ಅದೇ ಬೆಟ್ಟದ ಬುಡದಲ್ಲಿ ಕೂತು ನೂರಾರು ಅಡಿ ಕೊರೆದು ಸುಣ್ಣದ ನೀರು ಮೇಲೆತ್ತುತ್ತೀವಿ. ಯಾರು ಜಾಣರೋ!

ಅಮ್ಮನಿಗೆ ಇದ್ಯಾವುದೂ ಬೇಡ. "ಸಾರಿಗಿಟ್ಟಿದ್ದ ಹುಣಸೆಹಣ್ಣೆಲ್ಲ ಬಚ್ಚಲಿಗೆ ಸುರಿದ್ಯಲ್ಲೋ, ಅಂಗಡಿಗೆ ಹೋಗಿ ತಗೊಂಬಾ" ಅಂದ್ರು. ಹೊರಟಿದ್ದೀನಿ. ಹಾಗೇ ಹಾರ್ಡ್‌ವೇರ್ ಅಂಗಡೀಲಿ ಇನ್ನೊಂದೆರಡು ವಾಷರ್ ತರಬೇಕು.