ಬುಡಾಪೆಸ್ಟ್: ಸಮಾಧಿಕಲ್ಲಿನಿಂದ ಸಂತೆಯವರೆಗೆ ಬಿರುದುಗಳ ಬೆನ್ನು ಹತ್ತಿ

ಕೆಲೆತಿ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಫಿಯುಮೆ ರಸ್ತೆಯ ಸ್ಮಶಾನ ಸಿಗುತ್ತದೆ. ಹತ್ತೊಂಬತ್ತನೇ ಶತಮಾನದ ರಾಜಕೀಯ ನಾಯಕರಾದ ಕೊಶೂತ್, ದೆಆಕ್ ಅವರ ಭಾರೀ ಸಮಾಧಿ ಮಂಟಪಗಳನ್ನು ದಾಟಿ ಒಳಗಿನ ಸಾಲುಗಳಿಗೆ ಹೋಗಿ. ಹಂಗೇರಿಯನ್ನರು ಯಾರನ್ನು ಹೇಗೆ ಗೌರವಿಸುತ್ತಿದ್ದರೆಂದು ತಿಳಿಯಲು ಮ್ಯೂಸಿಯಮ್ಮಿಗಿಂತ ಈ ಕಲ್ಲುಗಳೇ ವಾಸಿ.

ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅದಕ್ಕೂ ಮುಂಚೆ ‘ವಿತೇಜ್’ ಎಂದಿದ್ದರೆ ಅದು 1920ರಲ್ಲಿ ದೇಶದ ಆಗಿನ ರಾಜಪ್ರತಿನಿಧಿ ಹೋರ್ತಿ ಆರಂಭಿಸಿದ ವೀರಬಿರುದು. ಯುದ್ಧದಲ್ಲಿ ಮೆರೆದವರಿಗೆ ಕೊಡುತ್ತಿದ್ದರು, ಹಿರಿಯ ಮಗನಿಗೂ ಇಳಿಯುತ್ತಿತ್ತು. ‘ಕೊವಾಚ್ ಯಾನೋಶ್‌ನೇ’ ಎಂದಿದ್ದರೆ ಯಾನೋಶ್ ಕೊವಾಚನ ಹೆಂಡತಿ. ಆಕೆಯ ತವರಿನ ಹೆಸರು ‘ಸ್ಯುಲ್’ ಎಂಬ ಮೊಟಕು ಪದದ ಪಕ್ಕದಲ್ಲಿರುತ್ತದೆ; ಎಷ್ಟೋ ಕಲ್ಲುಗಳಲ್ಲಿ ಅದೂ ಇಲ್ಲ.

ಒಂದು ಕಾಲಕ್ಕೆ ಮಂತ್ರಿಗೆ ‘ಕೆದ್ಯೆಲ್ಮೆಶ್’, ಅದರ ಕೆಳಗಿನವರಿಗೆ ‘ಮೇಲ್ತೋಶಾಗೋಶ್’, ಇನ್ನೂ ಕೆಳಗೆ ‘ನದ್ಯಶಾಗೋಶ್’ ಎಂದು ಮೆಟ್ಟಿಲುಮೆಟ್ಟಿಲಾಗಿ ಸಂಬೋಧನೆಗಳಿದ್ದವು. ತಪ್ಪಿ ಕೆಳಗಿನದನ್ನು ಬಳಸಿದರೆ ಅವಮಾನ. 1947ರ ನಾಲ್ಕನೇ ಕಾಯಿದೆ ವಿತೇಜನ್ನೂ ಸೇರಿಸಿ ಇವನ್ನೆಲ್ಲ ರದ್ದು ಮಾಡಿತು.

ಉಳಿದುಕೊಂಡದ್ದು ‘ಊರ್’. ಕನ್ನಡದ ಊರಿಗೂ ಇದಕ್ಕೂ ನಂಟಿಲ್ಲ. ಇದರ ಅರ್ಥ ಒಡೆಯ. ದೇಶ ಎನ್ನುವ ‘ಒರ್ಸಾಗ್’ ಇದರಿಂದಲೇ ಹುಟ್ಟಿದ್ದು: 1190ರ ದಶಕದ, ಹಂಗೇರಿಯನ್ ಭಾಷೆಯ ಶವಸಂಸ್ಕಾರದ ಪ್ರವಚನದಲ್ಲಿ ಅದರ ಹಳೆಯ ರೂಪ ‘ಉರುಸಾಗ್’ ಇದೆ.

ಬಳಕೆ ಕೇಳಬೇಕೆಂದರೆ ಕೆಲೆತಿಗೆ ಮರಳಿ ಎಂ4 ಮೆಟ್ರೋ ಹತ್ತಿ, ನಾಲ್ಕನೇ ನಿಲ್ದಾಣ ಫೋವಾಮ್ ತೇರ್‌ನಲ್ಲಿ ಇಳಿಯಿರಿ. ಎದುರಿಗೇ 1897ರ ದೊಡ್ಡ ಮಾರುಕಟ್ಟೆ. ‘ಊರ್’ ಮನೆತನದ ಹೆಸರಿನ ನಂತರ ಬರುತ್ತದೆ: ಕೊವಾಚ್ ಊರ್. ವೈದ್ಯರಾದರೆ ಹೆಸರೇ ಬೇಡ, ‘ದೊಕ್ತೊರ್ ಊರ್’ ಸಾಕು, ವೈದ್ಯೆಗೆ ‘ದೊಕ್ತೊರ್‌ನೋ’. ಹೆಂಗಸರ ಹೆಸರಿಗೆ ‘ಊರ್’ ಹತ್ತುವುದಿಲ್ಲ, ಹೆಸರಿನ ಜತೆ ಅಷ್ಟೇ ಸಲೀಸಾಗಿ ಬಳಸುವ ಪದವೂ ಭಾಷೆಯಲ್ಲಿಲ್ಲ.

ವಯಸ್ಸಾದವರಿಗೆ ‘ಬಾಚಿ’, ‘ನೇನಿ’. ಅಣ್ಣ, ಅಕ್ಕ ಎನ್ನುವ ಪದಗಳಿಂದ ಬಂದ ಇವು, ನಮ್ಮ ರಾಜಣ್ಣ, ಸೀತಕ್ಕನ ಹಾಗೆ, ಸಾಮಾನ್ಯವಾಗಿ ಸ್ವಂತ ಹೆಸರಿಗೇ ಅಂಟುತ್ತವೆ: ಪಿಶ್ತಾ ಬಾಚಿ, ಮರಿ ನೇನಿ. ಪ್ರವಾಸಿಗರು ಎಡವುವುದು ಇಲ್ಲೇ. ಕೂದಲು ನರೆತಿದೆಯೆಂದು ಐವತ್ತರ ಹೆಂಗಸನ್ನು ‘ನೇನಿ’ ಎಂದರೆ ತರಕಾರಿಯ ಜತೆಗೆ ಸಿಡುಕು ಮೋರೆಯೂ ಸಿಗಬಹುದು. ಅಪರಿಚಿತ ಗಂಡಸಿಗೆ ‘ಉರಮ್’, ಹೆಂಗಸಿಗೆ ‘ಹೋಲ್ದ್ಯೆಮ್’ ಎನ್ನುವುದು ಕ್ಷೇಮ. ಅವರು ‘ತೆಶ್ಶೇಕ್’ ಎಂದರೆ ಏನು ಬೇಕೆಂದು ಕೇಳುತ್ತಿದ್ದಾರೆ, ಬೇಕಾದದ್ದನ್ನು ತೋರಿಸಿ.