ಪೆರ್ಲದಲ್ಲಿ ಸಿಕ್ಕಿದ ಚುಕ್ಕೆ

ಅಡಿಕೆ ಸುಲಿಯುವ ದಿನ ಪೆರ್ಲದ ಅಕ್ಕನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಎಲ್ಲರ ಕೈಯೂ ಓಡುತ್ತಿತ್ತು. ಪ್ಲಸ್ ಟು ಓದುವ ಅವಳ ಮಗಳು ಮಾತ್ರ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. "ಮಾವ, ಇಲ್ಲಿ ಬನ್ನಿ, ಇದು ಹೋಗ್ತಾ ಉಂಟು!"

ಹವಾಯಿಯ ಬೆಟ್ಟದ ಮೇಲಿನ ಪ್ಯಾನ್-ಸ್ಟಾರ್ಸ್ ದೂರದರ್ಶಕ ಆಕಾಶದ ಒಂದೇ ತುಂಡನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದ ನಾಲ್ಕು ಚಿತ್ರಗಳು. ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಸಣ್ಣ ಬಂಡೆ, ಹುಡುಕಲು ಶಾಲಾ ಮಕ್ಕಳಿಗೆ ಕೊಡುತ್ತಾರೆ. ಅಸ್ಟ್ರೊಮೆಟ್ರಿಕಾ ತಂತ್ರಾಂಶದಲ್ಲಿ ಒಂದರ ಹಿಂದೊಂದು ಓಡಿಸಿದರೆ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಕ್ಷುದ್ರಗ್ರಹ ನೇರ ಗೆರೆಯಲ್ಲಿ ಒಂದೇ ವೇಗದಲ್ಲಿ ಸರಿಯುತ್ತದೆ. ಅಡ್ಡಾದಿಡ್ಡಿ ಹಾರಿದರೆ ಅದು ಬರೀ ಕ್ಯಾಮೆರಾದ ದೋಷ. ಮಂಗಳ, ಗುರುಗಳ ನಡುವಿನ ಪಟ್ಟಿಯದ್ದಾದರೆ ಗಂಟೆಗೆ ಚಂದ್ರಬಿಂಬದ ಅಗಲದಲ್ಲಿ ಸುಮಾರು 50ರಲ್ಲಿ ಒಂದು ಪಾಲು ಸರಿದಂತೆ ಕಂಡೀತು. ಅವಳು ಬೆರಳಿಟ್ಟು ತೋರಿಸಿದ ಮೇಲೂ ನನಗದು ಕಾಣಲು ಹೊತ್ತು ಹಿಡಿಯಿತು. ಈಗಾಗಲೇ ಗೊತ್ತಿರುವವುಗಳ ಗುರುತು ಹಾಕಿಸಿದಳು. ಇದರ ಮೇಲೆ ಯಾವ ಗುರುತೂ ಬೀಳಲಿಲ್ಲ.

"ಹಾಗಾದ್ರೆ ಅಜ್ಜಿ ಹೆಸರಿಡು" ಎಂದಳು ಅಕ್ಕ, ಜಗಲಿಯಿಂದಲೇ.

ಹೆಸರು ಅಷ್ಟು ಸಲೀಸಲ್ಲ. ಒಂದು ರಾತ್ರಿಯ ನಾಲ್ಕು ಚುಕ್ಕೆಗಳ ಮೂಲಕ ಎಷ್ಟೋ ಕಕ್ಷೆಗಳನ್ನು ಎಳೆಯಬಹುದು. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜ್ಜಿ ಕಂಡ ಮೊದಲ ಕ್ಷುದ್ರಗ್ರಹ ಸಿರಿಸ್ ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿಗೆ ಮರೆಯಾಗಿ ತಪ್ಪಿಹೋಗಿತ್ತು. 24ರ ಹರೆಯದ ಗಣಿತಜ್ಞ ಗೌಸ್ ಅದರ ಕಕ್ಷೆಯ ಲೆಕ್ಕ ಹಾಕಿ ಕೊಟ್ಟ ಮೇಲೆಯೇ ವರ್ಷದ ಕೊನೆಗೆ ಮತ್ತೆ ಸಿಕ್ಕಿತು. ನಮ್ಮ ಮದರಾಸಿನಲ್ಲೇ ಖಗೋಳಜ್ಞ ಪಾಗ್ಸನ್ 1861ರ ಏಪ್ರಿಲ್ 17ರಂದು ಕಂಡ 'ಏಷ್ಯಾ' ಎಂಬ ಕ್ಷುದ್ರಗ್ರಹದ ದಾರಿ ಈಗ ಚೆನ್ನಾಗಿ ಗೊತ್ತು: ಸೂರ್ಯನಿಗೆ ಒಂದು ಸುತ್ತು ಬರಲು 3.77 ವರ್ಷ, ಸೂರ್ಯನಿಂದ ಅದರ ದೂರ ಭೂಮಿಗಿರುವ ದೂರದ ಸುಮಾರು 2ರಿಂದ 2.9 ಪಟ್ಟು. ಭೂಮಿಯೂ ಓಡುತ್ತಿರುವುದರಿಂದ ಅದು ಮತ್ತೆ ಸೂರ್ಯನ ಎದುರು ದಿಕ್ಕಿಗೆ ಬಂದು ಚೆನ್ನಾಗಿ ಕಾಣಲು ಸುಮಾರು 16 ತಿಂಗಳು ಬೇಕು. ಹೊಸತೊಂದು ಹಾಗೆ ಹಲವು ಸಲ ಕಂಡು ಕಕ್ಷೆ ಗಟ್ಟಿಯಾದ ಮೇಲೆಯೇ ಅದಕ್ಕೆ ಕ್ರಮಸಂಖ್ಯೆ. ಹೆಸರು ಅದರ ನಂತರ. ಕಾಣುವುದಕ್ಕಿಂತ ಕೈತಪ್ಪದಂತೆ ಹಿಡಿದಿಡುವುದೇ ದೊಡ್ಡ ಕೆಲಸ ಎಂದು ನನಗನ್ನಿಸಿತು.

ಮೊಬೈಲಿನ ಇಂಟರ್ನೆಟ್ಟಿನಲ್ಲಿ ವರದಿ ಹೊರಟಿತು. "ವರ್ಷಗಟ್ಟಲೆ ಕಾಯ್ಬೇಕಮ್ಮ. ಮತ್ತೆ, ಹೆಸರು ಇಂಗ್ಲಿಷಿನಲ್ಲಿ 16 ಅಕ್ಷರ ದಾಟಬಾರ್ದು" ಎಂದಳು ಮಗಳು.

ಕಾಯುವ ಮಾತು ಅಕ್ಕನ ಕಿವಿಗೆ ಬಿದ್ದಂತಿರಲಿಲ್ಲ. ಬೆರಳು ಮಡಿಸಿ ಎಣಿಸಿದವಳು, "ಕೊನೆಗೊಂದು 'ಅಮ್ಮ' ಸೇರಿಸ್ಲಿಕ್ಕೂ ಜಾಗ ಉಂಟು" ಎಂದಳು.